ಅಕ್ಕಿ ಚೀಲದ ಗಂಟು

ನಮ್ಮ ಮನೆಯಲ್ಲಿ ಈಗ ಎಲ್ಲಿ ಕೈಯಿಟ್ಟರೂ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಗುತ್ತದೆ. ರವೆ ಪೊಟ್ಟಣದ ಬಾಯಿಗೆ ಕ್ಲಿಪ್ಪು, ಒಣಮೆಣಸಿನಕಾಯಿ ಕವರಿಗೆ ಕ್ಲಿಪ್ಪು, ಕಸದ ಚೀಲಕ್ಕೆ ಎರಡು ಕ್ಲಿಪ್ಪು. ಮಗಳ ಜಡೆಯಿಂದ ರಿಬ್ಬನ್ನು ಹೋಗಿ ಅಲ್ಲೂ ಒಂದು ಬಣ್ಣದ ಕ್ಲಿಪ್ಪು ಬಂದಿದೆ. ಹೊಸಪೇಟೆಯ ಪ್ಲಾಸ್ಟಿಕ್ ಸಾಮಾನಿನ ಅಂಗಡಿಯವರು ನಾನು ಬಾಯಿ ತೆರೆಯುವ ಮೊದಲೇ ಒಂದು ಡಜನ್ ಇಳಿಸಿ, "ಏನ್ರಿ ಟೀಚರ್, ಲಾಂಡ್ರಿ ಇಟ್ಟೀರೇನು?" ಎನ್ನುತ್ತಾರೆ. ನನ್ನ ಗಂಡ ಬಸವರಾಜ ಒಂದು ಬೆಳಿಗ್ಗೆ ಕಿವಿಗೆ ಒಂದನ್ನು ಸಿಕ್ಕಿಸಿಕೊಂಡು ಬಂದು, "ನನ್ನೂ ಒಂದು ಹಗ್ಗಕ್ಕ ತೂಗಹಾಕಿಬಿಡು, ಒಣಗತೀನಿ" ಎಂದ. ಮಗಳು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕಂತೆ ಮಾಡಿದೆ.

ವಿಷಯ ಏನೆಂದರೆ, ನಾನು ಗಂಟು ಹಾಕುವುದನ್ನು ಬಿಟ್ಟಿದ್ದೇನೆ. ಶಪಥ ಮಾಡಿ ಬಿಟ್ಟದ್ದಲ್ಲ. ದಾರ ಕೈಗೆ ಬಂದರೆ ಬೆರಳುಗಳು ತಾವೇ ಶುರುಮಾಡುತ್ತವೆ, ಎರಡನೆಯ ಸುತ್ತಿಗೆ ಬಂದು ನಿಂತುಬಿಡುತ್ತವೆ. ಆಮೇಲೆ ಕ್ಲಿಪ್ಪು ಹುಡುಕುತ್ತೇನೆ.

ಇದನ್ನು ಕೇಳಿದರೆ ನಮ್ಮಪ್ಪ ನಂಬುವುದಿಲ್ಲ. ಕಂಪ್ಲಿಯಲ್ಲಿ ಅಪ್ಪನದು ಅಕ್ಕಿ ಗಿರಣಿ. ನಮ್ಮ ಮನೆಯೂ ಗಿರಣಿಯೂ ಒಂದೇ ಗೋಡೆಯ ಎರಡು ಮಗ್ಗುಲು. ನಾವು ಮಲಗುವುದು, ಏಳುವುದು, ಓದುವುದು, ಜಗಳ ಆಡುವುದು ಎಲ್ಲ ಆ ಯಂತ್ರದ ಸದ್ದಿನಲ್ಲೇ. ಕರೆಂಟು ಹೋದಾಗ ಮನೆ ಥಟ್ಟನೆ ಮೌನವಾಗುತ್ತಿತ್ತಲ್ಲ, ಆಗ ತೊಟ್ಟಿಲಲ್ಲಿದ್ದ ನನ್ನ ತಮ್ಮ ಬೆಚ್ಚಿ ಎದ್ದು ಅಳುತ್ತಿದ್ದ. ಸದ್ದಿಗೆ ಮಲಗುವ, ಮೌನಕ್ಕೆ ಅಳುವ ಮಕ್ಕಳು ನಾವು. ರೆಪ್ಪೆಯ ಮೇಲೆ ಸದಾ ತೌಡಿನ ಪುಡಿ. ಶಾಲೆಯಲ್ಲಿ ನನ್ನನ್ನು "ತೌಡಿನ ಹುಡ್ಗಿ" ಅನ್ನುತ್ತಿದ್ದರು. ನನ್ನ ಪಕ್ಕ ಕೂತವರ ಕರಿ ಲಂಗ ಸಂಜೆಯ ಹೊತ್ತಿಗೆ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು, ಅದಕ್ಕೆ.

ಗಿರಣಿಯಲ್ಲಿ ಹನುಮಂತಪ್ಪ ಎಂಬ ಹಮಾಲಿ ಇದ್ದ. ತುಂಬಿದ ಚೀಲದ ಬಾಯಿಯನ್ನು ಹಿಂಡಿ ತಿರುವಿ, ಸೆಣಬಿನ ಹುರಿಯನ್ನು ಎರಡು ಸುತ್ತು ಸುತ್ತಿ, ತುದಿಯನ್ನು ಸುತ್ತಿನ ಅಡಿಯಿಂದ ಎಳೆದು ಒಂದು ಗಂಟು ಹಾಕುತ್ತಿದ್ದ. ಕಣ್ಣು ಮಿಟುಕಿಸುವುದರೊಳಗೆ ಆಗಿಹೋಗುತ್ತಿತ್ತು. ಚೀಲ ಒಳಗಿನಿಂದ ಉಬ್ಬಿದಷ್ಟೂ ಆ ಗಂಟು ಬಿಗಿ. ಲಾರಿಯಿಂದ ಬಿಸಾಡಿದರೂ ಒಂದು ಕಾಳು ಆಚೆ ಬರುತ್ತಿರಲಿಲ್ಲ. ಒಂಬತ್ತನೇ ವಯಸ್ಸಿಗೆ ನಾನು ಅದನ್ನು ಕಲಿತೆ. "ಗೌಡರ ಮಗಳು ಹಮಾಲರ ಹೊಟ್ಟಿ ಮ್ಯಾಲ ಹೊಡಿತಾಳ" ಎಂದು ಹನುಮಂತಪ್ಪ ಎಲ್ಲರಿಗೂ ಹೇಳಿಕೊಂಡು ತಿರುಗಿದ. ಆಮೇಲೆ ನನ್ನ ಜೀವನದಲ್ಲಿ ಎಲ್ಲಕ್ಕೂ ಅದೇ ಗಂಟು. ಪುಸ್ತಕದ ಕಟ್ಟಿಗೆ, ಹಾಸ್ಟೆಲಿನ ಹಾಸಿಗೆಗೆ, ಮದುವೆಯಾಗಿ ಹೊಸಪೇಟೆಗೆ ಬರುವಾಗ ಪಾತ್ರೆಯ ಗೋಣಿಗೆ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದ್ದೇನೆ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ, ಹಗ್ಗದ ಬಿಗಿತದ ಮೇಲೆ ಮಕ್ಕಳಿಂದ ಲೆಕ್ಕ ಬಿಡಿಸುತ್ತೇನೆ. ಆದರೆ ಗಿರಣಿಯಲ್ಲಿ ಆ ಗಂಟನ್ನು ಯಾರಾದರೂ ಬಿಚ್ಚಿದ್ದನ್ನು ನೋಡಿದ್ದೆನೇ ಎಂದು ಯಾವತ್ತೂ ಯೋಚಿಸಿರಲಿಲ್ಲ. ಅಲ್ಲಿ ಯಾರೂ ಬಿಚ್ಚುತ್ತಿರಲಿಲ್ಲ. ಕುಡುಗೋಲಿನ ತುಂಡಿನಿಂದ ಕೊಯ್ಯುತ್ತಿದ್ದರು. ನಾನು ಕಲಿತದ್ದು ಅರ್ಧ.

ಈಗ ಸಂಗೀತದ ಮಾತಿಗೆ ಬರುತ್ತೇನೆ. ನನ್ನ ಮಗಳು ಸಿರಿಗೆ ಆಗ ಮೂರೂವರೆ ವರ್ಷ. ಎಳೆಯ ಮಕ್ಕಳ ಕಿವಿಗೆ ಒಳ್ಳೆಯ ಸಂಗೀತ ಬಿದ್ದರೆ ಬುದ್ಧಿ ಚುರುಕಾಗುತ್ತದೆ ಎಂದು ಎಲ್ಲೋ ಓದಿದ್ದೆ. ಎಲ್ಲಿ ಎಂದು ಕೇಳಬೇಡಿ, ಇಂಥವೆಲ್ಲ ಫೋನಿನಲ್ಲಿ ತಾವೇ ಬಂದು ಓದಿಸಿಕೊಳ್ಳುತ್ತವೆ. ಮನೆಯಲ್ಲಿ ಹಾಕಿದರೆ ಸಾಲದು, ಬಯಲಲ್ಲಿ, ಜನರ ನಡುವೆ ಕೂತು ಕೇಳಬೇಕು ಎಂದು ನಾನೇ ಒಂದಿಷ್ಟು ಸೇರಿಸಿಕೊಂಡೆ. ಹೀಗಾಗಿ ಸುತ್ತಮುತ್ತ ಎಲ್ಲಿ ಹಾಡಿನ ಕಾರ್ಯಕ್ರಮ ಇದ್ದರೂ ಕುಟುಂಬ ಸಮೇತ ನಮ್ಮ ಸವಾರಿ. ಸಂಡೂರಿನಲ್ಲಿ ಒಮ್ಮೆ ಬೆಟ್ಟದ ಬುಡದಲ್ಲಿ ಕೊಳಲು. ಸಿರಿ ಇಡೀ ಎರಡು ಗಂಟೆ ಕೆಂಪು ಮಣ್ಣಿನಲ್ಲಿ ಇರುವೆಯ ಸಾಲಿನ ಹಿಂದೆ ಹೋದಳು. ಮಾರನೆಯ ದಿನವೂ ಅವಳ ಸ್ನಾನದ ನೀರು ಕೆಂಪಗಿತ್ತು. ಇನ್ನೊಮ್ಮೆ ಕಂಪ್ಲಿಯಲ್ಲಿ ಹೊಳೆಯ ದಂಡೆಯ ಮೇಲೆ ಹಾಡುಗಾರಿಕೆ. ಗಾಯಕರು ಕಣ್ಣು ಮುಚ್ಚಿ ಮೇಲಿನ ಸ್ವರಕ್ಕೆ ಏರಿ, ಸಾವಿರ ಜನ ಉಸಿರು ಹಿಡಿದು ಕೂತಾಗ, ನನ್ನ ಮಗಳು ಸ್ಪಷ್ಟವಾಗಿ, ಮೈಕಿಗೂ ಕೇಳುವಂತೆ, "ಅಮ್ಮಾ, ಸುಸ್ಸು" ಎಂದಳು. ಚಿಕ್ಕ ಮಕ್ಕಳನ್ನು ಕರೆದುಕೊಂಡು ಸಂಗೀತಕ್ಕೆ ಹೋಗುವವರು ಆಲಾಪನೆಯನ್ನು ಪೂರ್ತಿ ಕೇಳಿದ ಉದಾಹರಣೆ ಇಲ್ಲ. ಅವರು ಕೇಳುವುದು ಆರಂಭವನ್ನು ಮತ್ತು ಚಪ್ಪಾಳೆಯನ್ನು. ನಡುವೆ ಅವರು ಗಿಡದ ಮರೆಯಲ್ಲಿರುತ್ತಾರೆ.

ನಿಜ ಹೇಳಬೇಕೆಂದರೆ ನಮ್ಮ ಮನೆಯಲ್ಲಿ ಸಂಗೀತದ ಹುಚ್ಚು ಇದ್ದದ್ದು ಅತ್ತೆಗೆ. ನೀಲಮ್ಮ, ಬಸವರಾಜನ ತಾಯಿ. ಮಲಪನಗುಡಿಯಲ್ಲಿ ಹುಟ್ಟಿದವರು. ಹುಡುಗಿಯಾಗಿದ್ದಾಗ ಹಂಪಿಯಲ್ಲಿ ಹಾರ್ಮೋನಿಯಂ ಸದ್ದು ಕೇಳಿದರೆ ಸಾಕು, ಗೆಳತಿಯರ ಜೊತೆ ನಡೆದೇ ಹೋಗುತ್ತಿದ್ದರಂತೆ. ಮದುವೆಯಾಗಿ ಎರಡು ಮಕ್ಕಳಾದ ಮೇಲೂ ಬಿಟ್ಟಿರಲಿಲ್ಲ. "ಇವ್ನನ್ನ, ಶೈಲಾನ್ನ, ಇಬ್ಬರನ್ನೂ ಎರಡು ಮಣಕಾಲೊಳಗ ಇಟ್ಕೊಂಡು ಕುಂದರ್ತಿದ್ದೆ. ಎಲ್ಲಿಗಿ ಹೋಗತಾವ?" ಎನ್ನುತ್ತಿದ್ದರು. ಶೈಲಾ ಬಸವರಾಜನ ತಂಗಿ, ಸಂಡೂರಿನಲ್ಲಿ ಶಾಲೆಯ ಟೀಚರು. ಅತ್ತೆಯ ಆ ಎರಡು ಮೊಣಕಾಲುಗಳು ಈಗ ಮಾತು ಕೇಳುವುದಿಲ್ಲ. ನೆಲಕ್ಕೆ ಕೂತರೆ ಏಳಲು ಒಬ್ಬರು ಕೈ ಕೊಡಬೇಕು. ಹಾಡು ಎಂದರೆ ಮಾತ್ರ ಮುಂದೆ.

ಕಳೆದ ಚಳಿಗಾಲದಲ್ಲಿ ಹಂಪಿಯ ಹತ್ತಿರ ಒಂದು ಸಣ್ಣ ಸಂಗೀತೋತ್ಸವ ಇತ್ತು. ಸರಕಾರದ್ದಲ್ಲ. ಹಾಡಿನ ಮೇಲೆ ಪ್ರೀತಿಯಿರುವ ಒಂದಿಷ್ಟು ಜನ ಸೇರಿ, ಬಾಳೆ ತೋಟಗಳು ಮುಗಿದು ಬಂಡೆಗಳು ಶುರುವಾಗುವಲ್ಲಿ ಬಯಲೊಂದನ್ನು ಹಸನು ಮಾಡಿ ವೇದಿಕೆ ಕಟ್ಟಿದ್ದರು. ಶೈಲಾ ಆಗ ಬಾಣಂತನಕ್ಕೆಂದು ನಮ್ಮ ಮನೆಯಲ್ಲೇ ಇದ್ದಳು. ಮಗಳಿಗೆ ಮೂರು ತಿಂಗಳು. ರಜೆ ಮುಗಿದ ಮೇಲೆ ಶೈಲಾ ಸಂಡೂರಿಗೆ ಹೋಗುವುದು, ಕೂಸು ಸೋಮವಾರದಿಂದ ಶುಕ್ರವಾರದವರೆಗೆ ಹೊಸಪೇಟೆಯಲ್ಲಿ ಅಜ್ಜಿಯ ಹತ್ತಿರ ಇರುವುದು ಎಂದು ಎಲ್ಲ ಮಾತಾಗಿತ್ತು. ಅತ್ತೆ ಅಟ್ಟದಿಂದ ಹಳೆಯ ತೊಟ್ಟಿಲು ಇಳಿಸಿ ಎಣ್ಣೆ ಹಾಕಿ ಒರೆಸಿಟ್ಟಿದ್ದರು. ಅವತ್ತು ಶೈಲಾ ಕೂಸಿನ ಜೊತೆ ಮನೆಯಲ್ಲೇ ಉಳಿದಳು. ನಾವು ನಾಲ್ವರು ಹೊರಟೆವು.

ಹೊರಟದ್ದು ನೋಡಿದ್ದರೆ ನೀವು ಮನೆ ಖಾಲಿ ಮಾಡುತ್ತಿದ್ದಾರೆ ಎಂದುಕೊಳ್ಳುತ್ತಿದ್ದಿರಿ. ಜಮಖಾನ, ರೊಟ್ಟಿ, ಶೇಂಗಾ ಚಟ್ನಿ, ಸಿರಿಗೆ ಮೊಸರನ್ನ, ಎರಡು ಜೊತೆ ಬಟ್ಟೆ, ಕಿವಿಗೆ ಹತ್ತಿ. ಅತ್ತೆಯ ಎಲೆ ಅಡಿಕೆಯ ಸಂಚಿ ಬೇರೆ. ಬಾಗಿಲಲ್ಲಿ ಚೀಲ ತಪಾಸಣೆ ಮಾಡುವ ಹೆಣ್ಣುಮಗಳು ಸಂಚಿಯೊಳಗೆ ಕೈಹಾಕಿ ಅಡಕತ್ತರಿ ಹೊರತೆಗೆದಳು.

"ಅಜ್ಜಿ, ಇದನ್ನ ಒಳಗ ಬಿಡಂಗಿಲ್ಲ. ಹರಿತ ಐತಿ."

"ಹರಿತ ಇಲ್ಲಂದ್ರ ಅಡಿಕಿ ಹೆಂಗ ಒಡೀತತಿ? ನನ್ನ ಬಾಯಾಗ ಹಲ್ಲು ಇಟ್ಟು ಕೊಡ್ತಿಯೇನು? ಕೊಡು, ಇದನ್ನ ನೀನಽ ಇಟ್ಕಾ."

ಹಿಂದಿದ್ದ ಸಾಲು ನಕ್ಕಿತು. ಆಕೆಯೂ ನಕ್ಕು, ಅಡಕತ್ತರಿಯನ್ನು ಸಂಚಿಗೇ ಹಾಕಿ ಒಳಗೆ ಬಿಟ್ಟಳು.

ಒಳಗೆ ಬಯಲನ್ನು ಎರಡು ಭಾಗ ಮಾಡಿ ನಡುವೆ ಸರ್ವೆ ಮರದ ಕಂಬಗಳ ಬೇಲಿ ಹಾಕಿ, ಅಡ್ಡಕ್ಕೆ ಬೊಂಬು ಕಟ್ಟಿ, ಬಿಳಿ ಬಟ್ಟೆ ಎಳೆದಿದ್ದರು. ಈಚೆ ಮಕ್ಕಳೊಂದಿಗರು, ವಯಸ್ಸಾದವರು, ಆಚೆ ಉಳಿದವರು. ಹಂಪಿಯ ನೆಲ ನಿಮಗೆ ಗೊತ್ತು, ಒಂದು ಗೇಣು ಅಗೆದರೆ ಬಂಡೆ. ಕಂಬಗಳ ಬುಡಕ್ಕೆ ಮರಳಿನ ಚೀಲ ಒತ್ತಿ ನಿಲ್ಲಿಸಿದ್ದರು. ಎಲ್ಲರೂ ಕೂತು ಕೇಳುವ ಜಾಗಕ್ಕೆ ಅಷ್ಟು ಸಾಕು. ಕಟ್ಟಿದವರ ತಪ್ಪು ನಾನು ಹೇಳುವುದಿಲ್ಲ. ನಾವು ಒಂದು ಕಂಬದ ಪಕ್ಕದಲ್ಲಿ ಜಮಖಾನ ಹಾಸಿದೆವು, ಅತ್ತೆಗೆ ಒರಗಿಕೊಳ್ಳಲು ಆಸರೆಯಾಗಲಿ ಎಂದು. ಜಾಗ ಆರಿಸಿದ್ದೂ ನಾನೇ.

ಸಿರಿ ಅವತ್ತು ಒಂದು ಕಡೆ ನಿಲ್ಲಲಿಲ್ಲ. ಒಮ್ಮೆ ವೇದಿಕೆಯ ಮೆಟ್ಟಿಲಿನಿಂದ, ಒಮ್ಮೆ ಯಾರದೋ ಬುತ್ತಿಯ ಮುಂದಿನಿಂದ, ಒಮ್ಮೆ ದೊಡ್ಡ ಸ್ಪೀಕರಿನ ಹಿಂದಿನಿಂದ ಎತ್ತಿಕೊಂಡು ಬಂದೆ. ನಾಲ್ಕನೆಯ ಸಲ ಬರುವ ಹೊತ್ತಿಗೆ ಬೆವರು. ಐದೂವರೆ ಆಗಿತ್ತು. ಬಂಡೆಗಳ ಮೇಲೆ ಬಿಸಿಲು ಕೆಂಪಗಾಗಿ ಗಾಳಿ ತಣ್ಣಗಾಗುತ್ತಿತ್ತು. ಬಸವರಾಜ ಶಾಲು ತರಲು ದೂರದಲ್ಲಿ ನಿಲ್ಲಿಸಿದ್ದ ಕಾರಿನ ಕಡೆ ಹೋದ. ಅಷ್ಟರಲ್ಲಿ ಮುಂದೆ ಒಬ್ಬ ಹುಡುಗಿ ತಂಬೂರಿ ಹಿಡಿದು ಹಾಡಲು ಕೂತಳು. ಎಂಥ ದನಿ ಅದು. ನನಗೆ ಇದ್ದಕ್ಕಿದ್ದಂತೆ ಅಳು ಬಂದಂತಾಯಿತು. ಮೂರೂವರೆ ವರ್ಷದಿಂದ ನಾನು ಒಂದು ಹಾಡನ್ನು ಮೊದಲಿನಿಂದ ಕೊನೆಯವರೆಗೆ ಕೇಳಿರಲಿಲ್ಲ. ಒಂದೇ ಒಂದು ಹಾಡು. ಹತ್ತು ನಿಮಿಷ. ನನ್ನ ಕೈಗಳು ನನ್ನವಾಗಿರಲಿ ಅನ್ನಿಸಿತು. ಇದನ್ನು ಯಾವ ತಾಯಿಯೂ ತಪ್ಪು ಅನ್ನಲಾರಳು ಎಂದು ಈಗಲೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಹೇಳಿಕೊಂಡು ಮುಗಿಯುವುದರೊಳಗೆ ಮುಂದಿನದು ನೆನಪಾಗುತ್ತದೆ.

ಕೊರಳಿನಿಂದ ದುಪಟ್ಟಾ ತೆಗೆದೆ. ಹಳದಿ ಬಣ್ಣದ್ದು, ಗಟ್ಟಿ ಹತ್ತಿಯದು. ಒಂದು ತುದಿಯನ್ನು ಸಿರಿಯ ಸೊಂಟಕ್ಕೆ ಫ್ರಾಕಿನ ಮೇಲೆ ಎರಡು ಸುತ್ತು ಸುತ್ತಿದೆ. ಎರಡು ಬೆರಳು ಹೋಗುವಷ್ಟು ಸಡಿಲ ಬಿಟ್ಟೆ, ಅಷ್ಟು ವಿಜ್ಞಾನ ನನಗೆ ಗೊತ್ತಿತ್ತು. ತುದಿಯನ್ನು ಅಡಿಯಿಂದ ಎಳೆದೆ. ಇನ್ನೊಂದು ತುದಿಯನ್ನು ಕಂಬದ ಬುಡಕ್ಕೆ ಕಟ್ಟಿದೆ. ಎರಡೂ ಕಡೆ ಹನುಮಂತಪ್ಪನ ಗಂಟು.

ಅತ್ತೆ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ನೋಡಿದರು. "ಬ್ಯಾಡವ್ವ. ಕೂಸಿಗಿ ಹಂಗ ಕಟ್ಟಬಾರ್ದು. ಆಕಳ ಕರಾ ಏನದು?"

"ಸಡ್ಲ ಐತ್ರಿ ಅತ್ತಿ. ಓಡಿ ಹೋದ್ರ ನಿಮಗ ಎದ್ದು ಹಿಡಿಯಾಕ ಆಗತೈತಾ? ಹತ್ತು ನಿಮಿಷ ಅಷ್ಟ."

"ನಾನು ಮಣಕಾಲೊಳಗ ಇಟ್ಕೊಂತೀನಿ, ಬಿಚ್ಚು."

"ಬಂದ್ನಿ ಅತ್ತಿ" ಎಂದು ಹೇಳಿ ನಾನು ಹೊರಟೇಬಿಟ್ಟೆ. ತಿರುಗಿ ನೋಡಿದಾಗ ಸಿರಿ ದುಪಟ್ಟಾ ಎಳೆದು ಎಳೆದು ನೋಡುತ್ತಾ ನಗುತ್ತಿದ್ದಳು. ಅವಳಿಗೆ ಅದೊಂದು ಆಟ.

ಮೂವತ್ತು ಹೆಜ್ಜೆ ಇರಬೇಕು. ಮುಂದಿನ ಸಾಲಿನ ಅಂಚಿನಲ್ಲಿ ನೆಲಕ್ಕೆ ಕೂತು ಆ ಹಾಡನ್ನು ಪೂರ್ತಿ ಕೇಳಿದೆ. ಹಾಗೆ ನೋಡಿದರೆ ನನಗೆ ಬೇಕಾದದ್ದು ಸಿಕ್ಕಿತು. ಹಾಡು ಮುಗಿದ ತಕ್ಷಣ ಎದ್ದು ಹೋಗಬಹುದಿತ್ತು. ಮುಂದೆ ಡೊಳ್ಳಿನ ತಂಡ ಎಂದು ಹೇಳಿದರು. ಸ್ವಲ್ಪ ನೋಡಿಯೇ ಹೋಗೋಣ ಎಂದುಕೊಂಡೆ. ಡೊಳ್ಳಿನವರು ವೇದಿಕೆಯ ಮೇಲೆ ಒಂದು ಸುತ್ತು ಹಾಕಿ, ಹುರುಪಿನಲ್ಲಿ ಮೆಟ್ಟಿಲಿಳಿದು, ಬೇಲಿಯ ಪಕ್ಕದ ಹಾದಿಯಲ್ಲಿ ಜನರ ನಡುವೆ ಬಂದರು. ಆಚೆ ಕಡೆಯವರು ಒಟ್ಟಿಗೇ ಎದ್ದು, ಫೋನು ಮೇಲೆತ್ತಿಕೊಂಡು, ಬೇಲಿಗೆ ಒತ್ತರಿಸಿದರು. ಯಾರೂ ಕೆಟ್ಟವರಲ್ಲ, ಯಾರೂ ತಳ್ಳಬೇಕೆಂದು ತಳ್ಳಿದವರಲ್ಲ. ಹಿಂದಿನವರಿಗೆ ನೋಡಬೇಕಿತ್ತು, ಅಷ್ಟೇ. ಬಿಳಿ ಬಟ್ಟೆ ಗಾಳಿ ತುಂಬಿದಂತೆ ನಮ್ಮ ಕಡೆಗೆ ಉಬ್ಬಿತು. ಮೊದಲ ಕಂಬ ವಾಲಿತು. ಅಡ್ಡ ಬೊಂಬು ಎರಡನೆಯದನ್ನು ಎಳೆಯಿತು, ಎರಡನೆಯದು ಮೂರನೆಯದನ್ನು. ಸಾಲಾಗಿ, ನಿಧಾನವಾಗಿ, ಒಂದೊಂದೇ.

ಇಲ್ಲಿಂದ ಮುಂದಿನದು ನನಗೆ ಒಂದೇ ಸಮನೆ ನೆನಪಿಲ್ಲ. ತುಂಡು ತುಂಡಾಗಿ ಬರುತ್ತದೆ. ಬೋರ್ಡಿನ ಮೇಲೆ ಚಿತ್ರ ಬರೆಯುತ್ತಿರುವಾಗ, ಸಾರಿಗೆ ಒಗ್ಗರಣೆ ಹಾಕುವಾಗ, ಯಾವಾಗ ಬೇಕಾದರೂ ಬರುತ್ತದೆ. ನಾನು ಓಡುತ್ತಿದ್ದೇನೆ, ಡೊಳ್ಳು ಇನ್ನೂ ಬಡಿಯುತ್ತಿದೆ. ಬಡಿಯುವವರಿಗೆ ಏನೂ ಗೊತ್ತಾಗಿಲ್ಲ. ಸಿರಿ ಎಂದು ಕೂಗುತ್ತೇನೆ, ನನ್ನ ದನಿ ನನಗೇ ಕೇಳುವುದಿಲ್ಲ. ಎಲ್ಲರ ಮಕ್ಕಳೂ ಎದ್ದು ಓಡುತ್ತಿದ್ದಾರೆ. ತಾಯಂದಿರು ಮಕ್ಕಳನ್ನು ಎತ್ತಿಕೊಂಡು ನನಗೆ ಡಿಕ್ಕಿ ಹೊಡೆದು ಹೋಗುತ್ತಿದ್ದಾರೆ. ಓಡಲಾಗದ ಮಗು ಆ ಬಯಲಿನಲ್ಲಿ ಒಂದೇ. ಅದು ನನ್ನದು.

ಕಂಬ ಬಿದ್ದಿತ್ತು. ಬಿದ್ದದ್ದು ಸಿರಿಯ ಮೇಲಲ್ಲ, ಪಕ್ಕಕ್ಕೆ. ಆದರೆ ಜನರ ಕಾಲಿಗೆ ಸಿಕ್ಕಿದ ಬಟ್ಟೆ, ಬೊಂಬು ಎಲ್ಲ ಅದನ್ನು ಎಳೆದುಕೊಂಡು ಹೋಗುತ್ತಿದ್ದವು. ಕಂಬ ಸರಿದಂತೆ ದುಪಟ್ಟಾ ಬಿಗಿದು, ಸೊಂಟದ ಗಂಟು ಬಿಗಿದು, ಮಗು ಮಕಾಡೆಯಾಗಿ ಜರುಗುತ್ತಿತ್ತು. ಅದರ ಮೇಲೆ, ಎರಡು ಮೊಣಕಾಲು ಎರಡು ಮೊಣಕೈ ನೆಲಕ್ಕೂರಿ, ಮೇಜಿನ ಹಾಗೆ ಅತ್ತೆ. ಒಬ್ಬರ ಆಸರೆ ಇಲ್ಲದೆ ಏಳಲಾರದ ಅತ್ತೆ. ಯಾರೋ ಅವರ ಬೆನ್ನಿನ ಮೇಲೆ ಮುಗ್ಗರಿಸಿ ದಾಟಿದರು, ಇನ್ನೊಬ್ಬರು ಕೈ ತುಳಿದರು. ಅತ್ತೆ ಅಲುಗಲಿಲ್ಲ. ಬಲಗೈಯಲ್ಲಿ ಅಡಕತ್ತರಿ ಹಿಡಿದು, ಬಿಗಿದ ದುಪಟ್ಟಾವನ್ನು ಅದರ ಬಾಯಿಗೆ ಕೊಟ್ಟು ಒತ್ತುತ್ತಿದ್ದರು. ಅದು ಕತ್ತರಿಯಲ್ಲವಲ್ಲ, ಒಂದು ಸಲಕ್ಕೆ ಅಡಿಕೆಯಷ್ಟನ್ನೇ ಕಚ್ಚುತ್ತದೆ. ಒಂದು ಕಚ್ಚು. ಇನ್ನೊಂದು ಕಚ್ಚು. ನಾನು ತಲುಪುವ ಹೊತ್ತಿಗೆ ಕೊನೆಯ ಎಳೆ ಹರಿಯಿತು. ಕಂಬ ತನ್ನ ಪಾಡಿಗೆ ಜರುಗಿ ಹೋಯಿತು.

ಸೊಂಟದ ಗಂಟು ನನ್ನ ಬೆರಳಿಗೆ ಬಗ್ಗಲಿಲ್ಲ. ಹಲ್ಲು ಹಾಕಿ ಬಿಚ್ಚಿದೆ. ಬಾಯಿಗೆ ಮಣ್ಣು, ಮಗುವಿನ ಪೌಡರು, ಬೆವರು ಎಲ್ಲ ಬಂತು. ಅಂಗಾಲಿನಿಂದ ನೆತ್ತಿಯವರೆಗೆ ಮುಟ್ಟಿ ನೋಡಿದೆ. ಸೊಂಟದ ಸುತ್ತ ಒಂದು ಕೆಂಪು ಗೆರೆ, ಗಲ್ಲದ ಮೇಲೆ ತರಚು. ಅಷ್ಟೇ. ಸಿರಿ ನನ್ನನ್ನು ಅಪ್ಪಿಕೊಳ್ಳಲಿಲ್ಲ. ಅಜ್ಜಿಯ ಸೆರಗನ್ನು ಎರಡು ಮುಷ್ಟಿಯಲ್ಲಿ ಹಿಡಿದಿದ್ದವಳು ಬಿಡಲೇ ಇಲ್ಲ.

ಅಷ್ಟು ಹೊತ್ತಿಗೆ ಡೊಳ್ಳು ನಿಂತು ಜನ ಸುತ್ತುವರಿದಿದ್ದರು. ಬಸವರಾಜ ಶಾಲು ಹಿಡಿದುಕೊಂಡು ಗುಂಪನ್ನು ಸೀಳಿ ಬಂದ. ಬಾಗಿಲಲ್ಲಿ ಚೀಲ ನೋಡಿದ್ದ ಹೆಣ್ಣುಮಗಳು ದುಪಟ್ಟಾದ ತುಂಡು ಎತ್ತಿ ಹಿಡಿದು ಕೇಳಿದಳು: "ಯಾರ್ರೀ ಇದನ್ನ ಕೂಸಿಗಿ ಕಟ್ಟಿದ್ದು?"

ನಾನು ಬಾಯಿ ತೆರೆದೆ. ದೇವರಾಣೆ, ತೆರೆದೆ.

"ನಾನಽ ಯವ್ವ" ಎಂದರು ಅತ್ತೆ, ಇನ್ನೂ ನೆಲದ ಮೇಲೆ ಕೂತೇ. "ಮಣಕಾಲು ನೋವು, ಓಡಾಕ ಬರಂಗಿಲ್ಲ ಅಂತ ಕಟ್ಟಿದ್ದೆ."

"ವಯಸ್ಸಾಗೈತಿ, ಇಷ್ಟೂ ತಿಳಿಯಂಗಿಲ್ಲೇನು ಅಜ್ಜಿ?" ಎಂದು ಒಬ್ಬರು. "ಇಂಥಾ ಮುದುಕ್ಯಾರ ಕೈಯಾಗ ಕೂಸು ಬಿಟ್ಟು ಹೋಗತಾರಲ್ರಿ, ಅವ್ರಿಗಿ ಹೇಳಬೇಕು" ಎಂದು ಇನ್ನೊಬ್ಬರು. ನನ್ನ ಬಾಯಿ ತೆರೆದದ್ದು ಹಾಗೆಯೇ ಮುಚ್ಚಿತು. ಅದು ಎಷ್ಟು ಸುಲಭವಾಗಿತ್ತು ಎಂದರೆ, ಏನನ್ನೂ ಮಾಡಬೇಕಾಗಿರಲಿಲ್ಲ.

ಕಾರಿನಲ್ಲಿ ಬಸವರಾಜ ತಾಯಿಯ ಮೇಲೆ ಹರಿಹಾಯ್ದ. "ಯವ್ವಾ, ನಿನಗ ಹುಚ್ಚು ಹಿಡಿದೈತೇನು? ದನಾ ಕಟ್ಟಿದಂಗ ಕಟ್ತಾರೇನು ಹುಡುಗೀನ್ನ? ಜೀವ ಹೋಗಿದ್ರ?" ಅತ್ತೆ ಮುಂದಿನ ಸೀಟಿನಲ್ಲಿ ತುಳಿತಕ್ಕೆ ಸಿಕ್ಕ ಕೈಯನ್ನು ಮಡಿಲಲ್ಲಿಟ್ಟುಕೊಂಡು, "ತಪ್ಪಾತಪ್ಪ. ತಪ್ಪಾತು" ಎನ್ನುತ್ತಿದ್ದರು. ನಾನು ಹಿಂದೆ ಕೂತಿದ್ದೆ. ಹಂಪಿಯಿಂದ ಹೊಸಪೇಟೆಗೆ ಅರ್ಧ ಗಂಟೆಯ ದಾರಿ. ಒಂದು ವಾಕ್ಯ ಹೇಳಲು ಅಷ್ಟು ಹೊತ್ತು ಬೇಕಾಗಿರಲಿಲ್ಲ.

ಡಾಕ್ಟರು ಮಗುವಿಗೆ ಏನೂ ಆಗಿಲ್ಲ ಎಂದರು. ಅತ್ತೆಯ ಬೆರಳಿಗೆ ಪಟ್ಟಿ ಹಾಕಿದರು. ಮಾರನೆಯ ಬೆಳಿಗ್ಗೆ ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದಾಗ ಕೇಳಿದೆ: "ಯಾಕ್ರಿ ಅತ್ತಿ ಹಂಗ ಅಂದ್ರಿ?"

"ಮಂದಿ ತಾಯಿನ್ನ ಬಿಡಂಗಿಲ್ಲವ್ವ. ಮುದುಕೀನ್ನ ಬಿಡ್ತಾರ" ಎಂದರು. "ನೀ ಸಾಲಿಗೆ ಹೋಗಾಕಿ, ನಾಕು ಮಂದಿ ಮುಂದ ನಿಂದ್ರಾಕಿ. ಇರ್ಲಿ ಬಿಡು. ಹಾಲು ಉಕ್ಕಾಕತ್ತೈತಿ ನೋಡು."

ಅತ್ತೆಯ ಲೆಕ್ಕ ತಪ್ಪಿತು. ಮಂದಿ ಮುದುಕಿಯನ್ನೂ ಬಿಡಲಿಲ್ಲ. ಮಾತು ಓಣಿಯಲ್ಲಿ ಹರಿದಾಡಿ, ಕಂಪ್ಲಿಗೆ ಹೋಗಿ, ಸಂಡೂರಿಗೆ ಹೋಗಿ, ಪ್ರತಿ ಮನೆಯಲ್ಲಿ ಒಂದು ಕಂಬ ಹೆಚ್ಚಾಗಿ ವಾಪಸು ಬಂತು. ನಮ್ಮಮ್ಮ ಫೋನಿನಲ್ಲಿ ಅತ್ತೆಗೆ ಕೇಳಿಸದಿರಲಿ ಎಂದು ದನಿ ತಗ್ಗಿಸಿ, "ಇನ್ನ ಮ್ಯಾಲೆ ಸಿರೀನ್ನ ಅವ್ರ ಹತ್ರ ಬಿಡಬ್ಯಾಡ" ಎಂದಳು. ನಾನು "ಹೂಂ" ಎಂದೆ. ಯಾವುದಕ್ಕೆ ಹೂಂ ಎಂದೆ, ನನಗೇ ಗೊತ್ತಿಲ್ಲ.

ಎಲ್ಲಕ್ಕಿಂತ ಮೆತ್ತಗೆ ಮಾತಾಡಿದವಳು ಶೈಲಾ. ಆಕೆ ತಾಯಿಗೆ ಒಂದು ಬಿರುಸು ಮಾತು ಆಡಲಿಲ್ಲ. ಎರಡು ವಾರ ಕಳೆದ ಮೇಲೆ, "ಯವ್ವಾ, ಸಂಡೂರಾಗ ಮಗ್ಗಲ ಮನ್ಯಾಕಿ ಕೂಸಿನ್ನ ನೋಡ್ಕೊಂತೀನಿ ಅಂದಾಳ. ನಿನಗ್ಯಾಕ ತ್ರಾಸು, ಮೊದಲಽ ಮಣಕಾಲು" ಎಂದಳು. ಅತ್ತೆ "ಹಂಗಽ ಮಾಡವ್ವ, ಅದಽ ಚಲೋ" ಎಂದರು. ಶೈಲಾ ಹೊರಟು ಹೋದ ದಿನ ತೊಟ್ಟಿಲನ್ನು ಅಟ್ಟಕ್ಕೆ ಏರಿಸಿದ್ದು ನಾನು ಮತ್ತು ಬಸವರಾಜ. ಅತ್ತೆ ಕೆಳಗೆ ನಿಂತು, "ಹುಷಾರು, ಕಾಲು ಮುರಿದೀತು" ಎನ್ನುತ್ತಿದ್ದರು. ತೊಟ್ಟಿಲಿನ ಕಾಲು.

ನೀವು ಕೇಳಬಹುದು, ಆಗಲಾದರೂ ಹೇಳಬಾರದಿತ್ತೇ ಎಂದು. ನಾನೂ ಕೇಳಿಕೊಂಡಿದ್ದೇನೆ. ಮೊದಲ ದಿನ ಹೇಳದಿದ್ದರೆ ಎರಡನೆಯ ದಿನ ಎರಡು ತಪ್ಪು ಒಪ್ಪಿಕೊಳ್ಳಬೇಕು. ಒಂದು ವಾರವಾದರೆ ಏಳು. ಹೀಗೆ ಮುಂದೂಡುತ್ತಾ ಹೋದೆ. ಸೆಖೆ ಬಂತು, ಹೋಯಿತು, ಶಾಲೆ ಶುರುವಾಯಿತು. ಸಂಗೀತಕ್ಕೆ ನಾವು ಮತ್ತೆ ಹೋಗಲಿಲ್ಲ. ಅತ್ತೆಯನ್ನು ಯಾರೂ ಕರೆಯಲಿಲ್ಲ, ಅವರೂ ಕೇಳಲಿಲ್ಲ. ಸಿರಿ ಓಡುತ್ತಾ ಬಂದು ಮೈಮೇಲೆ ಬಿದ್ದರೆ ಮೊದಲು ಬಾಗಿಲ ಕಡೆ ನೋಡುತ್ತಿದ್ದರು, ಯಾರಾದರೂ ನೋಡುತ್ತಿದ್ದಾರೇನೋ ಎಂದು.

ಹೋದ ಭಾನುವಾರ ಶೈಲಾ ಬಂದಿದ್ದಳು. ಕೂಸಿಗೆ ಈಗ ಹತ್ತು ತಿಂಗಳು. ಸೋಫಾ ಹಿಡಿದು ನಿಲ್ಲುತ್ತದೆ, ಎರಡು ಹಲ್ಲು ಬಂದಿವೆ. ಶೈಲಾಗೆ ಮಾರ್ಕೆಟ್ಟಿನಲ್ಲಿ ಏನೋ ಕೆಲಸವಿತ್ತು. ಹೊರಗೆ ಬಿಸಿಲು. ಅತ್ತೆ ತಮ್ಮ ಕುರ್ಚಿಯಲ್ಲಿ ಕೂತವರು, ಯೋಚಿಸದೆ ಎರಡು ಕೈ ಚಾಚಿದರು. ಶೈಲಾ ಒಂದು ಗಳಿಗೆ ತಡೆದಳು. ಅಷ್ಟೇ, ಒಂದು ಗಳಿಗೆ. ಅತ್ತೆ ಆ ಕೈಗಳನ್ನು ಹಾಗೆಯೇ ತಿರುಗಿಸಿ ಸೆರಗು ಸರಿಮಾಡಿಕೊಂಡರು, ಸೆರಗು ಸರಿಮಾಡಲೆಂದೇ ಎತ್ತಿದ್ದರೇನೋ ಎನ್ನುವ ಹಾಗೆ.

"ಗಂಟು ಹಾಕಿದ್ದು ನಾನು" ಎಂದೆ.

ಶೈಲಾ ತಿರುಗಿದಳು. "ಏನು?"

"ಹಂಪ್ಯಾಗ. ಸಿರಿಗೆ ಕಟ್ಟಿದ್ದು ನಾನು. ಅತ್ತಿ ಬ್ಯಾಡ ಅಂದ್ರು, ಎರಡು ಸಲ ಅಂದ್ರು. ನಾನು ಕಟ್ಟಿ, ಹಾಡು ಕೇಳಾಕ ಹೋದೆ. ಬಿಡಿಸಿದ್ದು ಅತ್ತಿ."

ಬಸವರಾಜ ಪೇಪರು ಕೆಳಗಿಟ್ಟ. ನನ್ನನ್ನು ನೋಡಿದ, ತಾಯಿಯನ್ನು ನೋಡಿದ. ಎದ್ದು ಹಿತ್ತಲಿಗೆ ಹೋದ. ಅವನು ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಮಾತಾಡಲಿ ಎಂದು ನಾನೂ ಅವಸರ ಮಾಡುತ್ತಿಲ್ಲ.

"ಯವ್ವಾ, ಖರೇನಾ?" ಎಂದಳು ಶೈಲಾ.

ಅತ್ತೆ ಮಗಳನ್ನು ಬಿಟ್ಟು ನನ್ನ ಕಡೆ ತಿರುಗಿದರು. "ಈಗ್ಯಾಕ ತಗದಿ ಅದನ್ನ?" ಎಂದು ನನಗೆ ಸಿಡುಕಿದರು. ಅವರು ನನ್ನ ಮೇಲೆ ಸಿಡುಕಿದ್ದು ಮದುವೆಯಾದ ಮೇಲೆ ಅದೇ ಮೊದಲು.

ಶೈಲಾ ಕೂಸನ್ನು ತಂದು ತಾಯಿಯ ಮಡಿಲಲ್ಲಿ ಕೂರಿಸಿದಳು. ಕಣ್ಣು ಒರೆಸಿಕೊಂಡು, "ಬರ್ತೀನಿ, ಅರ್ಧ ತಾಸು" ಎಂದು ಹೇಳಿ ಹೊರಟಳು. ಗೇಟಿನ ಸದ್ದಾಯಿತು.

ಕೂಸು ಅತ್ತೆಯ ಮುಖವನ್ನು ನೋಡಿತು. ಮೂಗು, ಮೂಗುತಿ, ಎಲೆ ಅಡಿಕೆಯ ಕೆಂಪು ಬಾಯಿ. ಮೂರು ತಿಂಗಳವರೆಗೆ ಆ ಮಡಿಲಲ್ಲೇ ಮಲಗುತ್ತಿದ್ದ ಕೂಸು. ತುಟಿ ನಡುಗಿಸಿತು, ಆಮೇಲೆ ದನಿ ತೆಗೆದು ಅಳತೊಡಗಿತು. ಬಾಗಿಲ ಕಡೆ ಬಗ್ಗಿ, ಹೋದವಳ ಕಡೆಗೆ ಕೈ ಚಾಚಿ ಅತ್ತಿತು. ಅತ್ತೆ ತೊಡೆ ಅಲುಗಿಸಿದರು, ಬೆನ್ನು ತಟ್ಟಿದರು, ಅದಕ್ಕೆ ಹಿಂದೆ ಹಾಡುತ್ತಿದ್ದ ಹಾಡಿನ ಎರಡು ಸಾಲು ಹಾಡಿದರು. ಅದು ಇನ್ನೂ ಜೋರಾಯಿತು.

ನಾನು ಎರಡು ಹೆಜ್ಜೆ ಮುಂದೆ ಬಂದೆ.

"ಗುರ್ತು ಮರ್ತೈತಿ" ಎಂದರು ಅತ್ತೆ, ನನ್ನ ಕಡೆ ನೋಡದೆ. "ನೀ ಹಿಡೀಬ್ಯಾಡ. ಅಳ್ಲಿ ಬಿಡು."

ನಾನು ಅಲ್ಲೇ ನಿಂತೆ.